ಸೋಲಿಗರ ತಿಳಿವಳಿಕೆ ಪಾಠದೊಳಕ್ಕೆ ಬರಬೇಕಾದರೆ

ಪ್ರಶ್ನೆ: ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ ನಾನು. ಏಳನೇ ತರಗತಿಯಲ್ಲಿ ಮೂರನೇ ಒಂದರಷ್ಟು ಮಕ್ಕಳು ಈ ಬೆಟ್ಟದ ಬುಡಕಟ್ಟಿನವರಾದ ಸೋಲಿಗರು. ಪ್ರತಿವರ್ಷ ನವೆಂಬರ್ 15ರ ಬುಡಕಟ್ಟು ಗೌರವ ದಿನಕ್ಕೆ (ಜನಜಾತೀಯ ಗೌರವ ದಿವಸ) ಆ ಮಕ್ಕಳಿಂದ ಸೊಪ್ಪು ಕಟ್ಟಿಸಿ ಕುಣಿತ ಮಾಡಿಸುತ್ತೇವೆ. ಈ ಸಲ ಇಬ್ಬರು ಹುಡುಗಿಯರು ಒಪ್ಪಲಿಲ್ಲ. ಕುಣಿತದ ಬದಲು ಅವರ ತಿಳಿವಳಿಕೆಯನ್ನು ಪಾಠದಲ್ಲೇ ತರಬೇಕು ಅನ್ನಿಸಿದೆ. ಎಲ್ಲಿಂದ ಶುರು ಮಾಡಲಿ? ಯಾರ ಮನಸ್ಸಿಗೂ ನೋವಾಗದ ಹಾಗೆ ಮಾಡುವುದು ಹೇಗೆ?

ಉತ್ತರ: ಮೊದಲು ಆ ಕುಣಿತವನ್ನು ಕೈಬಿಡಿ. ಪೋಡಿನವರೇ, ಅಂದರೆ ಸೋಲಿಗರ ಹಾಡಿಯವರೇ, ಬಂದು ಆಡುತ್ತೇವೆ ಎಂದರೆ ಆಡಲಿ, ಅದು ಬೇರೆ ಮಾತು. ಮಕ್ಕಳಿಗೆ ಸೊಪ್ಪು ಕಟ್ಟಿ ವೇದಿಕೆ ಹತ್ತಿಸುವುದು ಶಾಲೆಯ ಕೆಲಸವಲ್ಲ. ಆ ಹುಡುಗಿಯರ ತಾಯಂದಿರು ಸೀರೆ ಉಡುತ್ತಾರೆ, ಕಾಫಿ ಗಿಡ ನೋಡಿಕೊಳ್ಳುತ್ತಾರೆ, ಮೊಬೈಲಿನಲ್ಲಿ ದುಡ್ಡು ಕಳಿಸುತ್ತಾರೆ. ಅವರ ಮನೆಯಲ್ಲಿ ಯಾರೂ ತೊಡದ ಉಡುಗೆಯನ್ನು ಅವರದೇ ಎಂದು ಸಹಪಾಠಿಗಳ ಮುಂದೆ ತೊಡಿಸಿದರೆ ನಾಚಿಕೆಯಾಗುವುದು ಸಹಜ. ಯಾಕೆ ಒಪ್ಪಲಿಲ್ಲ ಎಂದು ಅವರನ್ನು ಕೂರಿಸಿಕೊಂಡು ಕೇಳಲೂ ಬೇಡಿ. ಬೇಡ ಅಂದರು, ಸಾಕು.

ಇನ್ನು ನಿಮ್ಮ ಪ್ರಶ್ನೆ. ಶಾಲೆಗಳು ಸಾಮಾನ್ಯವಾಗಿ ಸೋಲಿಗರ ಬಗ್ಗೆ ಒಂದು ಪಾಠ ಸೇರಿಸುತ್ತವೆ: ಎಲ್ಲಿ ವಾಸ, ಏನು ಊಟ, ಯಾವ ಹಬ್ಬ. ಅಂಥ ಪಾಠದಲ್ಲಿ ಆ ಮಕ್ಕಳೇ ಪಾಠದ ವಸ್ತುವಾಗಿ ಕೂರುತ್ತಾರೆ, ಉಳಿದವರು ತಿರುಗಿ ಅವರ ಮುಖ ನೋಡುತ್ತಾರೆ. ನಿಮಗೆ ಬೇಕಾದದ್ದು ಹೇಗೂ ಮಾಡಲೇಬೇಕಾದ ವಿಜ್ಞಾನ, ಸಮಾಜ, ಗಣಿತದ ಪಾಠ. ಅದರೊಳಗೆ ಸೋಲಿಗರ ತಿಳಿವಳಿಕೆ ತನ್ನ ಕೆಲಸ ಮಾಡಬೇಕು. ಕಾಡಿನ ಬಗ್ಗೆ ಪಾಠ ಮಾಡುವಾಗ ಆ ಕಾಡನ್ನು ತಲೆಮಾರುಗಳಿಂದ ಓದಿಕೊಂಡು ಬಂದವರ ಮಾತನ್ನು ಪುರಾವೆಯಾಗಿ ಬಳಸಿ, ಪ್ರಶ್ನಿಸಿ, ಪರೀಕ್ಷೆಯಲ್ಲೂ ಕೇಳಿ. ‘ನಿಮಗಿದು ಗೊತ್ತೇ?’ ಎಂಬ ಬಣ್ಣದ ಚೌಕಟ್ಟಿನೊಳಗೆ ಕೂರಿಸಿದರೆ ಅದು ಬರಿಯ ಅಲಂಕಾರವಾಗುತ್ತದೆ. ಪರೀಕ್ಷೆಗೆ ಬಾರದ್ದನ್ನು ಮಕ್ಕಳು ಹೇಗೆ ನೋಡುತ್ತಾರೆ ಎಂಬುದು ನಿಮಗೇ ಗೊತ್ತು.

ಪೋಡಿಗೆ ಹೋಗುವ ಮೊದಲು

ಪಾಠದ ದಿನಕ್ಕೆ ಒಂದು ತಿಂಗಳು ಮುಂಚೆಯೇ ಕೆಲಸ ಶುರುವಾಗಲಿ. ತರಗತಿಯ ಮಕ್ಕಳ ಕೈಲಿ ‘ನಿಮ್ಮ ತಾತನನ್ನು ಕರೆದುಕೊಂಡು ಬಾ’ ಎಂದು ಹೇಳಿ ಕಳಿಸಬೇಡಿ. ನೀವೇ ಹೋಗಬೇಕು. ಜೊತೆಗೆ ಎಸ್‌ಡಿಎಂಸಿಯಲ್ಲಿರುವ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸೋಲಿಗ ಪೋಷಕರೊಬ್ಬರನ್ನು ಕರೆದುಕೊಂಡು ಹೋಗಿ. ಪೋಡಿನ ಮುಖ್ಯಸ್ಥರಾದ ಯಜಮಾನರನ್ನು ಮೊದಲು ಕಾಣಿ. ಪೂಜೆ, ಹಾಡು, ದೇವರಿಗೆ ಸಂಬಂಧಿಸಿದ ಮಾತಿದ್ದರೆ ಪೂಜಾರಿಯಾದ ತಮ್ಮಡಿಯವರನ್ನೂ ಕೇಳಬೇಕು. ಅಲ್ಲಿಗೇ ಮುಗಿಸಬೇಡಿ. ಗೆಡ್ಡೆಗೆಣಸು, ಸೊಪ್ಪು, ಬೀಜದ ವಿಷಯ ಹೆಂಗಸರ ಬಳಿ ಹೆಚ್ಚಿರುತ್ತದೆ. ಗಂಡಸರು ಕೂತ ಜಗಲಿಯಲ್ಲೇ ಮಾತು ಮುಗಿಸಿ ಬಂದರೆ ಅರ್ಧ ತಿಳಿವಳಿಕೆ ಮನೆಯೊಳಗೇ ಉಳಿದುಬಿಡುತ್ತದೆ. ಅರಣ್ಯ ಹಕ್ಕು ಸಮಿತಿ ಚುರುಕಾಗಿರುವ ಪೋಡಾದರೆ ಸಮಿತಿಯವರಿಗೂ ವಿಷಯ ತಿಳಿಸಿ, ಮುಂದಿನ ಗ್ರಾಮಸಭೆಯಲ್ಲಿ ಐದು ನಿಮಿಷ ಕೇಳಿಕೊಳ್ಳಿ. ಒಬ್ಬ ಹಿರಿಯರು ಹೂಂ ಎಂದದ್ದನ್ನು ಇಡೀ ಪೋಡಿನ ಒಪ್ಪಿಗೆ ಎಂದುಕೊಳ್ಳುವುದೇ ಇಂಥ ಕೆಲಸ ಕೆಡುವ ಮೊದಲ ಜಾಗ.

ಸಮಯ ನೋಡಿಕೊಳ್ಳಿ. ಕಾಫಿ ಕೊಯ್ಲಿನ ಡಿಸೆಂಬರ್–ಜನವರಿ, ಹೆಜ್ಜೇನು ಇಳಿಸುವ ಬೇಸಿಗೆಯ ತಿಂಗಳುಗಳು, ಸೋಲಿಗರ ರೊಟ್ಟಿ ಹಬ್ಬದ ಆಸುಪಾಸು, ಇವು ಬೇಡ. ಬೆಳಿಗ್ಗೆ ಕೂಲಿಗೆ ಹೊರಡುವ ಹೊತ್ತಿಗೆ ಹೋಗಿ ನಿಲ್ಲಿಸಿಕೊಳ್ಳಬಾರದು. ಸಂಜೆ ಆರರ ಮೇಲೆ ಆನೆ ದಾರಿಯಲ್ಲಿ ನಿಮ್ಮನ್ನು ಬಿಟ್ಟು ಬರುವ ಹೊರೆಯನ್ನೂ ಅವರ ಮೇಲೆ ಹಾಕಬಾರದು. ಭಾನುವಾರ ಮಧ್ಯಾಹ್ನ ಅನುಕೂಲವೇ ಎಂದು ಫೋನಿನಲ್ಲಿ ಮೊದಲೇ ಕೇಳಿ.

ಹೋದಾಗ ಕೈಯಲ್ಲಿ ಪಾಠದ ಯೋಜನೆ ಇರಲಿ, ಆದರೆ ಪೂರ್ತಿಯಾಗಿ ಸಿದ್ಧವಾಗಿರಬಾರದು. ‘ಏಳನೇ ತರಗತಿಗೆ ಸಸ್ಯಗಳ ಪೋಷಣೆ, ಕಾಡು ಎಂಬ ಪಾಠಗಳಿವೆ. ಇದರಲ್ಲಿ ನಿಮ್ಮ ಮಕ್ಕಳೂ ಉಳಿದ ಮಕ್ಕಳೂ ಏನು ತಿಳಿಯಬೇಕು ಅಂತ ನಿಮಗನಿಸುತ್ತದೆ?’ ಎಂದು ಕೇಳಿ ಸುಮ್ಮನಿರಿ. ಮೊದಲ ಸಲ ಬಹಳ ಮಂದಿ ‘ನಮಗೇನು ಗೊತ್ತು ಮೇಡಂ, ನಾವು ಓದಿಲ್ಲ’ ಎನ್ನುತ್ತಾರೆ. ಅದು ನಿರಾಕರಣೆಯಲ್ಲ. ಸರ್ಕಾರಿ ನೌಕರರು ಎದುರು ನಿಂತಾಗ ಆಡುವ ಮಾತು. ಎರಡನೇ ಸಲ ಹೋದಾಗ ಮಾತು ಬಿಚ್ಚುತ್ತದೆ. ಎರಡು ಭೇಟಿಯಿಲ್ಲದೆ ಯಾರನ್ನೂ ತರಗತಿಗೆ ಕರೆಯಬೇಡಿ.

ದುಡ್ಡಿನ ವಿಷಯ ಹಿಂಜರಿಯದೆ ಮಾತಾಡಿ. ಶಾಲೆಗೆ ಬಂದ ಹಿರಿಯರಿಗೆ ಆ ದಿನದ ಕೂಲಿ ತಪ್ಪುತ್ತದೆ. ಗೌರವಧನ ಆ ಕೂಲಿಗಿಂತ ಕಡಿಮೆ ಇರಬಾರದು, ಹೋಗಿಬರುವ ಜೀಪು ಅಥವಾ ಆಟೋ ಬಾಡಿಗೆ ಬೇರೆ. ಅದನ್ನು ಅದೇ ದಿನ ಕೈಗೆ ಕೊಡಿ. ಬಿಲ್ಲು, ವೋಚರು, ಮುಂದಿನ ತಿಂಗಳು ಎಂದರೆ ಅವರು ಮತ್ತೆ ಬರುವುದಿಲ್ಲ. ಶಾಲೆಯ ಲೆಕ್ಕದಲ್ಲಿ ಹೊಂದಿಸುವುದು ಹೇಗೆ ಎಂಬುದನ್ನು ಮುಖ್ಯ ಶಿಕ್ಷಕರ ಜೊತೆ, ಸಿಆರ್‌ಪಿಯವರ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಜೊತೆ ಮೊದಲೇ ಕೂತು ಬಗೆಹರಿಸಿಕೊಳ್ಳಿ. ಶಾಲು, ಹಾರ, ಹಣ್ಣಿನ ಬುಟ್ಟಿಯಿಂದ ಕೂಲಿ ತುಂಬುವುದಿಲ್ಲ. ಹೊರಗಿನಿಂದ ಬರುವ ಸಂಪನ್ಮೂಲ ವ್ಯಕ್ತಿಗೆ ಭತ್ಯೆ ಕೊಡುವ ಇಲಾಖೆ, ಕಾಡು ಬಲ್ಲವರಿಗೆ ಮಾತ್ರ ಶಾಲು ಹೊದಿಸಿ ಕಳಿಸುವುದು ಸರಿಯಲ್ಲ.

ಯಾವುದು ಶಾಲೆಗೆ, ಯಾವುದು ಬೇಡ

ಎರಡನೇ ಭೇಟಿಯಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಲಂ ಹಾಕಿ. ಒಂದು, ಯಾರು ಬೇಕಾದರೂ ಹೇಳಬಹುದಾದದ್ದು. ಎರಡು, ಸೋಲಿಗರೇ ಬಂದು ಹೇಳಿದರೆ ಮಾತ್ರ ಸರಿಯಾದದ್ದು. ಮೂರು, ಶಾಲೆಗೆ ಬರಬಾರದ್ದು. ಅವರು ಹೇಳಿದ ಹಾಗೆ ತುಂಬಿ, ಓದಿ ಹೇಳಿ, ಒಂದು ಪ್ರತಿ ಯಜಮಾನರ ಬಳಿ ಇರಲಿ. ಜೇನುಹುಳುವಿನ ಬಗೆಗಳು (ಹೆಜ್ಜೇನು, ತುಡುವೆ, ಕೋಲುಜೇನು, ನಸರಿ), ಮರಗಳು ಹೂ ಬಿಡುವ ಕಾಲ, ಕಾಡಿನ ಬಗೆಬಗೆಯ ಹೆಸರುಗಳು ಸಾಮಾನ್ಯವಾಗಿ ಮೊದಲ ಕಲಮಿಗೆ ಬರುತ್ತವೆ. ಬೆಟ್ಟದ ದೇವರು ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾಗಿ ಭಾವನಾದ ಕಥೆ, ಸೋಲಿಗರ ಮೂಲಪುರುಷನೆನ್ನುವ ಕಾರಯ್ಯನ ಕಥೆ, ಕುಣಿಯುತ್ತ ಹಾಡುವ ಗೊರುಕನ ಹಾಡು ಹೆಚ್ಚಾಗಿ ಎರಡನೆಯದಕ್ಕೆ. ಸಾವಿನ ಹಾಡು, ಪವಿತ್ರ ಸ್ಥಳಗಳ ನಿಖರ ಜಾಗ, ಔಷಧಿಯ ಪಾಕ ಮೂರನೆಯದಕ್ಕೆ. ಆದರೆ ಇದು ನನ್ನ ಅಂದಾಜಿನ ಹಂಚಿಕೆ, ನಿಮ್ಮ ಪೋಡಿನದು ಬೇರೆ ಇದ್ದೀತು.

ಔಷಧಿ ಗಿಡದ ವಿಷಯದಲ್ಲಿ ಮೇಷ್ಟ್ರುಗಳು ಬಹಳ ಎಡವುತ್ತಾರೆ, ಯಾಕೆಂದರೆ ಅದೇ ಅವರಿಗೆ ಅತಿ ಉಪಯುಕ್ತ ಅನ್ನಿಸುತ್ತದೆ. ‘ಹತ್ತು ಗಿಡ, ಹತ್ತು ರೋಗ’ ಎಂಬ ಪ್ರಾಜೆಕ್ಟ್ ಕೊಡುತ್ತಾರೆ, ಮಕ್ಕಳು ಮನೆಯಲ್ಲಿ ಕೇಳಿ ಬರೆದು ತರುತ್ತಾರೆ, ಅದು ವಿಜ್ಞಾನ ಮೇಳಕ್ಕೆ ಹೋಗುತ್ತದೆ, ಫೋಟೊ ವಾಟ್ಸಾಪಿನಲ್ಲಿ ಹರಿದಾಡುತ್ತದೆ. ಇದರಲ್ಲಿ ಏನು ತಪ್ಪು ಎಂದು ತಿಳಿಯಲು ಕೇರಳದ ಕಾಣಿ ಸಮುದಾಯದ ಪ್ರಕರಣ ನೋಡಬೇಕು. 1987ರಲ್ಲಿ ಅಗಸ್ತ್ಯ ಬೆಟ್ಟಗಳಲ್ಲಿ ವಿಜ್ಞಾನಿಗಳಿಗೆ ದಾರಿ ತೋರಿಸಲು ಹೋದ ಕಾಣಿಗಳು ಆಯಾಸವಾಗದಿರಲಿ ಎಂದು ಕಾಯೊಂದನ್ನು ತಿನ್ನುತ್ತಿದ್ದರು. ಆ ಗಿಡವೇ ಆರೋಗ್ಯಪಚ್ಚ. ಅದರಿಂದ ತಿರುವನಂತಪುರದ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆ ‘ಜೀವನಿ’ ಎಂಬ ಔಷಧಿ ಮಾಡಿತು, 1995ರಲ್ಲಿ ತಯಾರಿಕೆಯ ಹಕ್ಕನ್ನು ಹತ್ತು ಲಕ್ಷ ರೂಪಾಯಿ ಮತ್ತು ಶೇ. 2ರ ರಾಯಧನಕ್ಕೆ ಒಂದು ಕಂಪನಿಗೆ ಕೊಟ್ಟಿತು. ಅರ್ಧ ಪಾಲನ್ನು ಕಾಣಿಗಳಿಗೆ ಮೀಸಲಿಟ್ಟದ್ದರಿಂದ ಜಗತ್ತಿನಾದ್ಯಂತ ಅದನ್ನು ಮಾದರಿ ಎಂದರು. ಆದರೆ ಮಾತಾಡಿದ್ದು ಕೆಲವೇ ಕಾಣಿಗಳ ಜೊತೆ. ನಮ್ಮನ್ನು ಕೇಳಲಿಲ್ಲ ಎಂದು ಬೇರೆ ಕಡೆಯ ಕಾಣಿಗಳು ತಕರಾರು ತೆಗೆದರು. ಪಾಲು ಕೊಟ್ಟಲ್ಲೇ ಇಷ್ಟು ತಕರಾರು. ಶಾಲೆಯ ಪ್ರಾಜೆಕ್ಟಿನಲ್ಲಿ ಪಾಲೂ ಇಲ್ಲ, ಕೇಳುವವರೂ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಲಂ 3(1)(ಕೆ) ಅಡಿಯಲ್ಲಿ ಜೀವವೈವಿಧ್ಯಕ್ಕೆ ಸಂಬಂಧಿಸಿದ ಪಾರಂಪರಿಕ ತಿಳಿವಳಿಕೆಯ ಮೇಲೆ ಸಮುದಾಯಕ್ಕೇ ಹಕ್ಕು ಕೊಟ್ಟಿದೆ ಎಂಬುದೂ ನೆನಪಿರಲಿ.

ಹಾಗಾಗಿ ನಿಯಮ ಸರಳ. ಗಿಡದ ಗುರುತು, ಹೂ ಕಾಲ, ಅದನ್ನು ತಿನ್ನುವ ಪ್ರಾಣಿ, ಇವು ಬರಲಿ. ಯಾವ ರೋಗಕ್ಕೆ, ಎಷ್ಟು, ಹೇಗೆ ಅರೆಯುವುದು ಎಂಬುದು ಬೇಡ. ಅದರಲ್ಲಿ ಇನ್ನೊಂದು ಅಪಾಯವೂ ಇದೆ: ಮಕ್ಕಳು ಮನೆಯಲ್ಲಿ ಮಾಡಿ ನೋಡುತ್ತಾರೆ.

ವಿಡಿಯೊ ಮಾಡುವುದಾದರೆ ಮೊದಲೇ ಕೇಳಿ, ಎಲ್ಲಿ ಇಡುತ್ತೀರಿ ಎಂಬುದನ್ನೂ ಹೇಳಿ. ಶಾಲೆಯ ಪೆನ್‌ಡ್ರೈವ್‌ನಲ್ಲಿ ಇಡುವುದಕ್ಕೂ ಯೂಟ್ಯೂಬಿಗೆ ಹಾಕುವುದಕ್ಕೂ ಒಪ್ಪಿಗೆ ಬೇರೆ ಬೇರೆ. ಹಾಡಿದವರ ಹೆಸರು, ಪೋಡಿನ ಹೆಸರು ಹಾಕಬಹುದೇ ಎಂದು ಕೇಳಿ. ಒಪ್ಪಿದರೆ ಹಾಕಲೇಬೇಕು. ‘ಜನಪದ ಗೀತೆ’ ಎಂದಷ್ಟೇ ಬರೆದು ಹಾಡಿದವರನ್ನು ಅಳಿಸುವ ರೂಢಿ ನಮ್ಮಲ್ಲಿ ಹಳೆಯದು.

ಒಂದು ಪೂರ್ತಿ ಪಾಠ: ನೆಲ್ಲಿ, ಉಪ್ಪಿಲು, ತರಗು ಬೆಂಕಿ

ನಿಮ್ಮ ಜಾಗಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಏಳನೇ ತರಗತಿಯ ಸಸ್ಯ ಪೋಷಣೆಯಲ್ಲಿ ಪರಾವಲಂಬಿಗೆ ಉದಾಹರಣೆಯಾಗಿ ಬರುವುದು ಕಸ್ಕ್ಯೂಟ. ಹಳದಿ ಬಳ್ಳಿ, ಎಲೆಯಿಲ್ಲ, ಎಲ್ಲವನ್ನೂ ಆಸರೆಯ ಗಿಡದಿಂದ ಹೀರುತ್ತದೆ. ನಿಮ್ಮ ಬೆಟ್ಟದ ನೆಲ್ಲಿ ಮರಗಳ ಮೇಲೆ ಬೆಳೆಯುವ ಬಂದಳಿಕೆಯನ್ನು ಸೋಲಿಗರು ಉಪ್ಪಿಲು ಎನ್ನುತ್ತಾರೆ. ಅದಕ್ಕೆ ಹಸಿರು ಎಲೆ ಇದೆ, ಆಹಾರ ತಾನೇ ಮಾಡಿಕೊಳ್ಳುತ್ತದೆ, ನೀರು ಮತ್ತು ಲವಣವನ್ನು ಮಾತ್ರ ಹೀರುಬೇರಿನಿಂದ ಮರದೊಳಗಿಂದ ಎಳೆದುಕೊಳ್ಳುತ್ತದೆ. ಅಂದರೆ ಅರೆ ಪರಾವಲಂಬಿ. ಅದರ ಹಣ್ಣು ತಿನ್ನುವ ಬದನಿಕೆ ಹಕ್ಕಿಯಂಥ ಪುಟ್ಟ ಹಕ್ಕಿಗಳು ಅಂಟು ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸುತ್ತವೆ, ಅಲ್ಲೇ ಮೊಳಕೆ ಹೊರಡುತ್ತದೆ. ಉಪ್ಪಿಲು ಹೆಚ್ಚಿದ ಮರದಲ್ಲಿ ನೆಲ್ಲಿ ಫಸಲು ಕುಗ್ಗುತ್ತದೆ, ಮರ ಸಾಯುವುದೂ ಉಂಟು.

ಇಲ್ಲಿಂದ ಪಾಠ ಕಾಡಿನ ಕಡೆ ತಿರುಗುತ್ತದೆ. ಸೋಲಿಗರ ಹಿರಿಯರು ಹೇಳುವುದು ಇಷ್ಟು. ಹಿಂದೆ ಜನವರಿ–ಫೆಬ್ರವರಿಯಲ್ಲಿ, ಹುಲ್ಲು ಪೂರ್ತಿ ಒಣಗುವ ಮೊದಲೇ, ತರಗಿಗೆ ಸಣ್ಣ ಬೆಂಕಿ ಹಾಕುತ್ತಿದ್ದೆವು. ಅದು ನೆಲದಲ್ಲೇ ಹರಿದು ಆರುತ್ತಿತ್ತು. ದೊಡ್ಡ ಮರಕ್ಕೆ ಏನೂ ಆಗುತ್ತಿರಲಿಲ್ಲ, ಉಪ್ಪಿಲು ಸಾಯುತ್ತಿತ್ತು, ಲಂಟಾನ (ಹೊರಗಿನಿಂದ ಬಂದು ಕಾಡಿನಲ್ಲಿ ಹರಡಿದ ಪೊದೆ ಕಳೆ) ಮೇಲೇಳುತ್ತಿರಲಿಲ್ಲ. ಬೆಂಕಿ ನಿಂತ ಮೇಲೆ ಎರಡೂ ಹೆಚ್ಚಿದವು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಲಂ 30 ಅಭಯಾರಣ್ಯದಲ್ಲಿ ಬೆಂಕಿ ಹಾಕುವುದನ್ನು ನಿಷೇಧಿಸುತ್ತದೆ. ವಿಜ್ಞಾನಿಗಳು ಬೆಟ್ಟದಲ್ಲಿ ಅಲ್ಲಲ್ಲಿ ಗುರುತು ಹಾಕಿ ನೋಡಿದ ತಾಕುಗಳಲ್ಲಿ 1997ರಲ್ಲಿ ಶೇ. 41ರಲ್ಲಿ ಇದ್ದ ಲಂಟಾನ 2008ರ ಹೊತ್ತಿಗೆ ಶೇ. 81ರಲ್ಲಿ ಕಂಡಿತು. ಈ ಕೆಲಸದಲ್ಲಿ ಸೋಲಿಗರೂ ಸಂಶೋಧಕರೂ ಜೊತೆಗೂಡಿದ್ದರು. ಸೋಲಿಗ ಸಮುದಾಯದವರೇ ಆದ ಸಿ. ಮಾದೇಗೌಡರಂಥ ಸಂಶೋಧಕರು ಇದೇ ಬೆಟ್ಟದಿಂದ ಬಂದವರು ಎಂಬುದನ್ನು ಮಕ್ಕಳಿಗೆ ತಪ್ಪದೆ ಹೇಳಿ. ಮಾಹಿತಿ ಕೊಡುವವರು ಸೋಲಿಗರು, ವಿಜ್ಞಾನ ಮಾಡುವವರು ಬೇರೆಯವರು ಎಂಬ ಚಿತ್ರ ಮನಸ್ಸಿನಲ್ಲಿ ಕೂತರೆ ಪಾಠವೇ ಕೆಟ್ಟಿತು.

ನಲವತ್ತು ನಿಮಿಷದ ನಾಲ್ಕು ಅವಧಿ ಬೇಕು. ಮೊದಲನೆಯದು ಪ್ರಯೋಗ. ಬಂದಳಿಕೆ ಎಲೆಗಾಗಿ ಹುಲಿ ಮೀಸಲಿನೊಳಗೆ ಹೋಗಬೇಡಿ, ಊರಿನ ಮಾವಿನ ಮರದಲ್ಲೇ ಧಾರಾಳ ಸಿಗುತ್ತದೆ. ಎರಡು ಮೂರು ಗಂಟೆ ಬಿಸಿಲು ಬಿದ್ದ ಎಲೆಯನ್ನು ಮಧ್ಯಾಹ್ನ ಕಿತ್ತು ತನ್ನಿ. ನೀರಿನಲ್ಲಿ ಐದು ನಿಮಿಷ ಕುದಿಸಿ. ಪ್ರನಾಳದಲ್ಲಿ ಎಲೆ ಮುಳುಗುವಷ್ಟು ಸ್ಪಿರಿಟ್ ಹಾಕಿ, ಬಿಸಿನೀರಿನ ಬೀಕರಿನಲ್ಲಿ ನಿಲ್ಲಿಸಿ, ಹಸಿರು ಇಳಿಯುವ ತನಕ ಕಾಯಿರಿ. ಬಂದಳಿಕೆ ಎಲೆ ದಪ್ಪ, ದಾಸವಾಳದ ಎಲೆಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಅವಸರಪಟ್ಟರೆ ಹಸಿರು ಉಳಿದು ಬಣ್ಣವೇ ಕಾಣುವುದಿಲ್ಲ. ಸ್ಪಿರಿಟ್ಟನ್ನು ನೇರ ಉರಿಯ ಮೇಲೆ ಇಡಲೇಬೇಡಿ, ಬೀಕರಿಗೆ ಇಳಿಸುವ ಮೊದಲು ಒಲೆ ಆರಿಸಿ. ಎಲೆ ತೊಳೆದು ಎರಡು ಮೂರು ಹನಿ ಅಯೋಡಿನ್ ಹಾಕಿದರೆ ನೀಲಿಗಪ್ಪು. ಪಿಷ್ಟ ಇದೆ, ಅಂದರೆ ಇದು ತನ್ನ ಅಡುಗೆ ತಾನೇ ಮಾಡುತ್ತದೆ. ಹಾಗಾದರೆ ಮರದಿಂದ ಏನನ್ನು ಕದಿಯುತ್ತಿದೆ? ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟು ಗಂಟೆ ಹೊಡೆಸಿ.

ಎರಡನೇ ಅವಧಿ ಹಿರಿಯರದು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಭಾಷಣ ಮಾಡಿಸಬೇಡಿ. ಸಾಧ್ಯವಾದರೆ ಶಾಲೆಯ ಹಿಂದಿನ ಮರದಡಿ ಕೂರಿ. ಅಲ್ಲಿ ಗಿಡ ಕಂಡರೆ ಮಾತು ತಾನಾಗಿ ಬರುತ್ತದೆ. ಹದಿನೈದು ನಿಮಿಷ ಅವರ ಮಾತು, ಉಳಿದದ್ದು ಮಕ್ಕಳ ಪ್ರಶ್ನೆ. ಪ್ರಶ್ನೆಗಳನ್ನು ಹಿಂದಿನ ದಿನವೇ ಬರೆಸಿ ನೋಡಿಕೊಳ್ಳಿ. ‘ನೀವು ಇಲಿ ತಿನ್ನುತ್ತೀರಾ?’ ಎಂಬುದು ಯಾವುದಾದರೂ ಚೀಟಿಯಲ್ಲಿ ಇದ್ದೇ ಇರುತ್ತದೆ. ಅದನ್ನು ಗದರಿ ಹರಿದುಹಾಕುವುದಕ್ಕಿಂತ, ಯಾರ ಮನೆಗೆ ಹೋದರೂ ಮೊದಲು ಕೇಳಬಾರದ ಪ್ರಶ್ನೆಗಳು ಯಾವುವು ಎಂದು ಹಿಂದಿನ ದಿನವೇ ಮಾತಾಡಿಸಿ. ಹಿರಿಯರು ಹೇಳುವುದನ್ನು ನೀವು ನಡುನಡುವೆ ‘ವೈಜ್ಞಾನಿಕವಾಗಿ ಹೇಳಬೇಕೆಂದರೆ’ ಎಂದು ತಿದ್ದಬೇಡಿ. ಅನುಮಾನ ಬಂದರೆ ‘ಇದು ನಿಮಗೆ ಹೇಗೆ ಗೊತ್ತಾಯಿತು, ಎಷ್ಟು ವರ್ಷ ನೋಡಿದ್ದೀರಿ?’ ಎಂದು ಕೇಳಿ. ಅದೇ ಪ್ರಶ್ನೆಯನ್ನು ಮುಂದಿನ ಅವಧಿಯಲ್ಲಿ ವಿಜ್ಞಾನಿಗಳ ಅಂಕಿಗೂ ಕೇಳಿ.

ಮೂರನೆಯದು ಲೆಕ್ಕ. ಇಪ್ಪತ್ತು ಮೀಟರ್ ಹಗ್ಗಕ್ಕೆ ಐದೈದು ಮೀಟರಿಗೆ ಗಂಟು ಹಾಕಿ. ನಾಲ್ವರು ಮಕ್ಕಳು ಒಂದೊಂದು ಮೂಲೆಯಲ್ಲಿ ಹಿಡಿದರೆ ಐದು ಮೀಟರಿನ ಚೌಕ. ಶಾಲೆಯ ಬೇಲಿ, ಕೆರೆ ಏರಿ, ರಸ್ತೆಬದಿಯಲ್ಲಿ ಇಂಥ ಹತ್ತು ಚೌಕ ಹಾಕಿ, ಲಂಟಾನ ಇದೆಯೇ ಇಲ್ಲವೇ, ಇದ್ದರೆ ಎಷ್ಟು ಪೊದೆ, ಅದರಡಿ ಬೇರೆ ಸಸಿ ಎಷ್ಟು ಎಂದು ಎಣಿಸಿ. ಹತ್ತರಲ್ಲಿ ಎಷ್ಟು ಚೌಕ ಎಂಬುದೇ ಶೇಕಡಾ ಲೆಕ್ಕ. ಲಂಟಾನ ಇರುವ ಕಡೆ ಬೇಕೆಂದೇ ಹಗ್ಗ ಹಾಕುವ ತಪ್ಪು ಪ್ರತಿ ಗುಂಪೂ ಮಾಡುತ್ತದೆ. ಅದನ್ನು ತಪ್ಪಿಸಲು ಮೂವತ್ತು ಹೆಜ್ಜೆಗೊಂದು ಚೌಕ ಎಂದು ಮೊದಲೇ ನಿಗದಿ ಮಾಡಿ. ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆಯೊಳಗೆ ಮುಗಿಸಿ, ಆನೆ ಓಡಾಡುವ ಕಡೆಯಾದರೆ ಅರಣ್ಯ ರಕ್ಷಕರಿಗೆ ತಿಳಿಸದೆ ಬೇಲಿ ದಾಟಬೇಡಿ.

ನಾಲ್ಕನೇ ಅವಧಿ ಜಗಳದ್ದು. ಹಾಗಾದರೆ ಈಗ ಬೆಂಕಿ ಹಾಕಬೇಕೇ? ಮಕ್ಕಳು ಅವಸರದಲ್ಲಿ ಹೌದು ಎನ್ನುತ್ತಾರೆ. ಅಲ್ಲಿ ತಡೆಯಿರಿ. ಈಗ ಲಂಟಾನ ಆಳೆತ್ತರ ದಟ್ಟವಾಗಿ ಬೆಳೆದಿದೆ. ಅದಕ್ಕೆ ಬೆಂಕಿ ತಗುಲಿದರೆ ನೆಲದಲ್ಲಿ ಹರಿಯುವುದಿಲ್ಲ, ಮರದ ತಲೆಗೇ ಏರುತ್ತದೆ. ಹಳೆಯ ಬೆಂಕಿ ಈ ಕಾಡಿಗೆ ಹೊಂದುವುದಿಲ್ಲ ಎಂದು ಸೋಲಿಗರೇ ಹೇಳುತ್ತಾರೆ. ಕಾನೂನು ಏನನ್ನುತ್ತದೆ, ಹಿರಿಯರು ಏನನ್ನುತ್ತಾರೆ, ಅಂಕಿ ಏನನ್ನುತ್ತದೆ, ಇನ್ನೂ ಏನು ತಿಳಿಯಬೇಕು ಎಂದು ಬೋರ್ಡಿನ ಮೇಲೆ ಬರೆದು ಬಿಡಿ, ತೀರ್ಪು ಬೇಡ. ಬೆಂಕಿಕಡ್ಡಿ ಮುಟ್ಟುವ ಯಾವ ಪ್ರಾತ್ಯಕ್ಷಿಕೆಯೂ ಬೇಡ ಎಂದು ಬೇರೆ ಹೇಳಬೇಕಿಲ್ಲ.

ಪರೀಕ್ಷೆಗೆ ಇಂಥ ಪ್ರಶ್ನೆ ಇರಲಿ: ‘ಉಪ್ಪಿಲು ಮತ್ತು ಕಸ್ಕ್ಯೂಟ ಆಹಾರ ಪಡೆಯುವ ರೀತಿಯಲ್ಲಿ ಏನು ವ್ಯತ್ಯಾಸ? ತರಗು ಬೆಂಕಿ ನಿಂತಿದ್ದರಿಂದ ಲಂಟಾನ ಹೆಚ್ಚಿತು ಎಂಬ ಮಾತಿಗೆ ಯಾವ ಪುರಾವೆ ಇದೆ, ಇನ್ನೇನು ಬೇಕು?’ ಎಂಟು ಅಂಕಕ್ಕೆ ಕೇಳಬಹುದು. ‘ಸೋಲಿಗರ ಮುಖ್ಯ ಆಹಾರ ಯಾವುದು?’ ಎಂಬ ಬಿಟ್ಟ ಸ್ಥಳ ಬೇಡ.

ಪೂಜ್ಯಭಾವವೂ ಬೇಡ. ‘ಪ್ರಕೃತಿಯ ಮಕ್ಕಳು’, ‘ಮುಗ್ಧರು’ ಎಂದು ಹೊಗಳಿದರೂ ಅವರು ಆಲೋಚಿಸಿ ಕಂಡುಕೊಂಡದ್ದನ್ನು ಹುಟ್ಟಿನಿಂದ ಬಂದದ್ದೆಂದು ಹೇಳಿದ ಹಾಗಾಗುತ್ತದೆ. ಹಿರಿಯರಿಬ್ಬರು ಒಂದೇ ವಿಷಯಕ್ಕೆ ಎರಡು ಮಾತು ಹೇಳಿದರೆ ಗಾಬರಿಯಾಗಬೇಡಿ, ಎರಡನ್ನೂ ಬರೆಸಿ.

ಚರಿತ್ರೆ ಬಂದಾಗ

ಸಮಾಜ ವಿಜ್ಞಾನದಲ್ಲಿ ಸೋಲಿಗರು ಭೂತಕಾಲದಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ: ಕಾಡಿನಲ್ಲಿ ವಾಸಿಸುತ್ತಿದ್ದರು, ಬೇಟೆಯಾಡುತ್ತಿದ್ದರು. ಇದಕ್ಕೆ ಮದ್ದು ಇಸವಿಗಳು. 1974ರ ಅಭಯಾರಣ್ಯ, ಅದರೊಂದಿಗೆ ಬೇಟೆ ಮತ್ತು ಕುಮರಿ ಬೇಸಾಯ (ಕಾಡು ಕಡಿದು ಸುಟ್ಟು ಮಾಡುವ ಬೇಸಾಯ) ನಿಂತು, ಕಾಡಿನೊಳಗಿನ ಜನ ರಸ್ತೆಬದಿಯ ಪೋಡುಗಳಿಗೆ ಬಂದದ್ದು, 2006ರಲ್ಲಿ ಮಾರಾಟಕ್ಕೆ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದಕ್ಕೆ ತಡೆ ಬಿದ್ದು ಜೇನು, ನೆಲ್ಲಿ, ಮರದ ಪಾಚಿಯ ಆದಾಯ ಹೋದದ್ದು, ಅದೇ ವರ್ಷ ಸಂಸತ್ತಿನಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂದದ್ದು, 2011ರ ಜನವರಿಯಲ್ಲಿ ಹುಲಿ ಮೀಸಲು, ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು. ದೇಶದಲ್ಲಿ ಹುಲಿ ಮೀಸಲಿನೊಳಗೆ ಇಂಥ ಹಕ್ಕು ಮೊದಲು ಸಿಕ್ಕಿದ್ದು ಇಲ್ಲೇ. ಒಂದು ಗೋಡೆಯುದ್ದ ಕಾಲರೇಖೆ ಹಾಕಿ, ಮೇಲೆ ಸರ್ಕಾರದ ಆದೇಶಗಳು, ಕೆಳಗೆ ಅದರಿಂದ ಪೋಡಿನಲ್ಲಿ ಆದದ್ದು. ಕೆಳಗಿನ ಸಾಲನ್ನು ಹಿರಿಯರೇ ತುಂಬಿಸಲಿ.

ಇಲ್ಲೊಂದು ಎಚ್ಚರ. ‘ನಿಮ್ಮ ಕುಟುಂಬ ಹೇಗೆ ಸ್ಥಳಾಂತರವಾಯಿತು, ಬರೆದು ತಾ’ ಎಂಬ ಮನೆಗೆಲಸ ಕೊಡಬೇಡಿ. ಕೆಲವು ಮನೆಗಳಲ್ಲಿ ಅದು ಇನ್ನೂ ಹಸಿ ಗಾಯ, ಇನ್ನು ಕೆಲವರಿಗೆ ಕೇಸು ನಡೆಯುತ್ತಿರಬಹುದು. ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡುವವರ ಮಕ್ಕಳೂ ನಿಮ್ಮ ತರಗತಿಯಲ್ಲಿ ಇರುತ್ತಾರೆ, ಬೆಂಕಿ ನಂದಿಸುವ ವಾಚರುಗಳಲ್ಲಿ ಸೋಲಿಗರೇ ಬಹಳ ಮಂದಿ. ಚರ್ಚೆ ಆದೇಶಗಳ ಬಗ್ಗೆ ಇರಲಿ, ಯಾರ ಅಪ್ಪನ ಬಗ್ಗೆಯೂ ಬೇಡ.

ಸೋಲಿಗರ ಹೆಸರು ವಿಜ್ಞಾನದಲ್ಲೂ ಉಳಿದಿದೆ ಎನ್ನಲು ಒಂದು ಸಣ್ಣ ಉದಾಹರಣೆ: ಈ ಬೆಟ್ಟದಲ್ಲಿ ಸಿಕ್ಕ ಹೊಸ ಕಣಜವೊಂದರ ಕುಲಕ್ಕೆ ಕೀಟಶಾಸ್ತ್ರಜ್ಞರು ‘ಸೋಲಿಗ’ ಎಂದೇ ಹೆಸರಿಟ್ಟಿದ್ದಾರೆ. ಮಕ್ಕಳು ಇದನ್ನು ಮರೆಯುವುದಿಲ್ಲ.

ಮಾತು, ಹಾಜರಿ, ಹಂಗಣೆ

ಸೋಲಿಗರ ನುಡಿ ಕನ್ನಡಕ್ಕೆ ಹತ್ತಿರವಾಗಿರುವುದರಿಂದಲೇ ಕಷ್ಟ. ಅದನ್ನು ಬೇರೆ ನುಡಿ ಎಂದು ಗುರುತಿಸದೆ ‘ತಪ್ಪು ಕನ್ನಡ’ ಎಂದು ತಿದ್ದುತ್ತೇವೆ. ಬೋರ್ಡಿನ ಒಂದು ಬದಿ ಪೋಡಿನ ಮಾತಿಗೆ, ಇನ್ನೊಂದು ಬದಿ ಪುಸ್ತಕದ ಮಾತಿಗೆ ಮೀಸಲಿಡಿ. ಒಣಕಾಡಿಗೆ, ತೇವದ ಕಾನಿಗೆ, ಹುಲ್ಲುಬೆಟ್ಟಕ್ಕೆ ಪೋಡಿನಲ್ಲಿ ಬೇರೆ ಬೇರೆ ಹೆಸರುಗಳಿರುವುದು ಭೂಗೋಳದ ‘ಕಾಡಿನ ವಿಧಗಳು’ ಪಾಠಕ್ಕೆ ಸೀದಾ ಹೊಂದುತ್ತದೆ. ವಿಜ್ಞಾನದ ಉತ್ತರದಲ್ಲಿ ಗಿಡದ ಸೋಲಿಗ ಹೆಸರು ಬರೆದಿದ್ದರೆ ಅಂಕ ಕಡಿಯಬೇಡಿ. ಒಂದರಿಂದ ಮೂರನೇ ತರಗತಿಗೆ ಚಟುವಟಿಕೆ ಕಾರ್ಡುಗಳ ಮೂಲಕ ಕಲಿಸುವ ನಲಿ–ಕಲಿ ಸಹೋದ್ಯೋಗಿಗಳಿಗೂ ಹೇಳಿ. ಆ ಪದ್ಧತಿ 1995ರಲ್ಲಿ ಶುರುವಾದದ್ದೇ ಬುಡಕಟ್ಟು ಹಾಡಿಗಳ ತಾಲ್ಲೂಕಾದ ಹೆಗ್ಗಡದೇವನಕೋಟೆಯಲ್ಲಿ. ಸ್ಥಳೀಯ ಕಾರ್ಡು ಮಾಡಿಕೊಳ್ಳಲು ಅದಕ್ಕಿಂತ ಅನುಕೂಲವಾದ ಚೌಕಟ್ಟಿಲ್ಲ.

ತರಗತಿಯಲ್ಲಿ ಸೋಲಿಗ ಮಗುವಿನ ಕಡೆ ತಿರುಗಿ ‘ನಿಮ್ಮಲ್ಲಿ ಹೇಗಪ್ಪ?’ ಎಂದು ಕೇಳುವ ಅಭ್ಯಾಸ ಬಿಡಿ. ಮಗುವಿಗೆ ಗೊತ್ತಿಲ್ಲದಿದ್ದರೆ ಅವಮಾನ, ಗೊತ್ತಿದ್ದರೆ ಇಡೀ ಸಮುದಾಯದ ವಕೀಲಿಕೆ. ಆಶ್ರಮ ಶಾಲೆಯಲ್ಲಿ (ಬುಡಕಟ್ಟು ಮಕ್ಕಳ ವಸತಿ ಶಾಲೆ) ಬೆಳೆದ ಎಷ್ಟೋ ಮಕ್ಕಳು ಕಾಡಿಗೇ ಹೋಗಿಲ್ಲ. ತಾನಾಗಿ ಕೈ ಎತ್ತಿದರೆ ಮಾತಾಡಲಿ. ವಿದ್ಯಾರ್ಥಿವೇತನದ ಪಟ್ಟಿಯನ್ನು ‘ಎಸ್‌ಟಿ ಮಕ್ಕಳು ನಿಂತುಕೊಳ್ಳಿ’ ಎಂದು ತರಗತಿಯಲ್ಲಿ ಓದುವುದನ್ನೂ ನಿಲ್ಲಿಸಿ, ಚೀಟಿಯಲ್ಲಿ ಕರೆಯಿರಿ. ನಿಮ್ಮ ನಾಲ್ಕು ಅವಧಿ ಕಟ್ಟಿದ್ದನ್ನು ಆ ಒಂದು ವಾಕ್ಯ ಕೆಡವುತ್ತದೆ. ರೊಟ್ಟಿ ಹಬ್ಬದ ದಿನಗಳಲ್ಲಿ ಗೈರು ಹಾಕಿ ಗದರಿದರೂ ಅಷ್ಟೇ. ಹಬ್ಬದ ತಾರೀಖನ್ನು ಪೋಡಿನವರೇ ನಿಗದಿ ಮಾಡುತ್ತಾರೆ, ಒಂದು ವಾರ ಮೊದಲು ಕೇಳಿಕೊಂಡು ಕಿರುಪರೀಕ್ಷೆಯನ್ನು ಮುಂದೂಡಿ.

ಅಣಕ, ಹಂಗಣೆ ಕಂಡಾಗ ಸುಮ್ಮನಿರಬೇಡಿ. ಅಲ್ಲೇ, ಆ ಮಾತು ಹೇಳಿದವನಿಗೆ ಮಾತ್ರ, ಚಿಕ್ಕದಾಗಿ ಹೇಳಿ. ನೊಂದ ಮಗುವನ್ನು ಎದುರಿಗೆ ನಿಲ್ಲಿಸಿ ‘ಸಾರಿ ಕೇಳು’ ಎಂಬ ನಾಟಕ ಮಾಡಿಸಿದರೆ ಅವಮಾನ ಎರಡು ಪಟ್ಟಾಗುತ್ತದೆ.

ಸೋಲಿಗರಿಲ್ಲದ ಊರಿನ ಶಿಕ್ಷಕರೂ ಇದನ್ನು ಓದುತ್ತಿರಬಹುದು. ಉಡುಪಿ ಕಡೆ ಕೊರಗರು, ಹುಣಸೂರು–ಹೆಗ್ಗಡದೇವನಕೋಟೆ ಕಡೆ ಜೇನುಕುರುಬರು, ಯಲ್ಲಾಪುರ–ಹಳಿಯಾಳದಲ್ಲಿ ಸಿದ್ದಿಗಳು, ಅಂಕೋಲಾ–ಕುಮಟಾದಲ್ಲಿ ಹಾಲಕ್ಕಿಗಳು. ಒಬ್ಬೊಬ್ಬರ ಹಿನ್ನೆಲೆ ಬೇರೆ, ಕಷ್ಟವೂ ಬೇರೆ. ಸೋಲಿಗರ ಪಾಠವನ್ನು ಹೆಸರು ಬದಲಿಸಿ ಅಲ್ಲಿ ಮಾಡಬೇಡಿ. ಬೆಂಗಳೂರಿನ ಶಾಲೆಯಾದರೆ ಹಿರಿಯರನ್ನು ನಗರಕ್ಕೆ ಎಳೆತರುವುದಕ್ಕಿಂತ, ಅವರು ಒಪ್ಪಿ ಹಂಚಿದ ಧ್ವನಿಮುದ್ರಣ ಬಳಸುವುದೇ ಮೇಲು. ಮೈಸೂರಿನ ಬುಡಕಟ್ಟು ಸಂಶೋಧನಾ ಸಂಸ್ಥೆಯಲ್ಲಿ ಕೇಳಿ ನೋಡಿ.

ಕೊನೆಗೆ, ಪೋಡಿನವರು ಬೇಡ ಎಂದುಬಿಟ್ಟರೆ? ಆಗಲೂ ಪಾಠದ ಅರ್ಧ ಉಳಿಯುತ್ತದೆ. ಬಂದಳಿಕೆಯ ಪ್ರಯೋಗ, ಹಗ್ಗದ ಚೌಕ, ಇಸವಿಗಳ ಕಾಲರೇಖೆಯ ಮೇಲಿನ ಸಾಲು, ಪ್ರಕಟವಾದ ಸಂಶೋಧನೆಯಲ್ಲಿ ಸೋಲಿಗರು ಹೇಳಿದ್ದು, ಇವಕ್ಕೆ ಹೊಸ ಅನುಮತಿ ಬೇಕಿಲ್ಲ. ಅಷ್ಟನ್ನು ಮಾಡಿ. ಬರೆಸಿದ ಚಾರ್ಟುಗಳನ್ನು, ಲಂಟಾನದ ಲೆಕ್ಕವನ್ನು ವರ್ಷದ ಕೊನೆಗೆ ಒಂದು ಪ್ರತಿ ಮಾಡಿ ಯಜಮಾನರಿಗೆ ಕೊಟ್ಟು ಬನ್ನಿ. ಮುಂದಿನ ಜೂನ್‌ನಲ್ಲಿ ಮತ್ತೆ ಕೇಳಿ.